ಗಾಜಿನ ಆಚೆಯ ಭುಜ

ಒದ್ದೆ ಕಂಬಳಿಯ ವಾಸನೆ ನನ್ನಂಥವನನ್ನು ಕುರಿಹಟ್ಟಿಗೆ ಕರೆದೊಯ್ಯಬೇಕು. ಆದರೆ ಅದು ಒಯ್ಯುವುದು ಬೆಳಗಾವಿಯ ಆಸ್ಪತ್ರೆಯೊಂದರ ಎರಡನೇ ಮಹಡಿಗೆ, ಕಿವಿ ಪರೀಕ್ಷೆಯ ಗೂಡಿಗೆ. ಹೊರಗಿನ ಸದ್ದು ಒಳಗೆ ಬರಬಾರದೆಂದು ಆ ಗೂಡಿನ ಗೋಡೆಗೆಲ್ಲ ದಪ್ಪ ಕಾರ್ಪೆಟ್ ಬಡಿದಿದ್ದಾರೆ. ಬೆಳಗಾವಿಯ ಮಳೆಗೆ ಅದು ಜೂನ್‌ನಿಂದ ದಸರೆಯವರೆಗೆ ಒಣಗುವುದೇ ಇಲ್ಲ. ಹೋದ ವಾರ ವರ್ಷದ ತಪಾಸಣೆಗೆ ಹೋಗಿ ಒಳಗೆ ಕುಳಿತು ಬಾಗಿಲು ಹಾಕಿಕೊಂಡಾಗ ಆ ವಾಸನೆ ಮೂಗಿಗೆ ಬಡಿಯಿತು. ಕಣ್ಣೀರು ಬಂದಿದ್ದರೆ ಬರಹ ಛಂದಾಗುತ್ತಿತ್ತು. ಸೀನು ಬಂತು.

ನಾನು ಹೇಳುತ್ತಿರುವ ಮಳೆಗಾಲದಲ್ಲಿ ನನಗೆ ಹತ್ತೊಂಬತ್ತು. ಬೆಳಗಾವಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ, ಅಂದರೆ ಹೆಸರು ಹಚ್ಚಿದ್ದೆ. ಖರೇ ಉದ್ಯೋಗ ಮಂದಿಯ ದನಿ ಕದಿಯುವುದು. ಊರು ಖಾನಾಪುರ. ನಮ್ಮ ಮುತ್ತಜ್ಜ ಕುರಿ ಕಾಯುತ್ತಿದ್ದ, ಅಜ್ಜ ಕುರಿ ಕಾಯುತ್ತಿದ್ದ, ಅಪ್ಪ ಖಾನಾಪುರ–ಬೆಳಗಾವಿ ಬಸ್ಸಿನ ಕಂಡಕ್ಟರ್. ಹಿಂದಿನಿಂದ ಹೋ ಎಂದು ಕೂಗಿ ಒಳಗೆ ತುಂಬುವ ಮನೆತನದ ಕೆಲಸವನ್ನು ಅವನೂ ಬಿಟ್ಟಿರಲಿಲ್ಲ. "ದೇಸೂರ, ದೇಸೂರ! ಇಳಿಯವರ ಮುಂದ ಬರ್ರಿ! ಚಲಾ, ಲವಕರ ಉತರಾ!" ಎಂದು ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ ಎರಡೂ ಒದರುತ್ತಿದ್ದ. ಒಮ್ಮೆ ನಾನು ಹಿಂದಿನ ಸೀಟಿನಿಂದ ಅದೇ ದನಿಯಲ್ಲಿ ಒಂದು ಸ್ಟಾಪು ಮೊದಲೇ ಒದರಿದೆ. ಆರು ಮಂದಿ ಚೀಲ ಹಿಡಿದು ಮಳೆಯಲ್ಲಿ ಇಳಿದೇ ಬಿಟ್ಟರು. ಅಪ್ಪ ಅವತ್ತು ಹೊಡೆದದ್ದು ಯಾವ ಭಾಷೆಯಲ್ಲಿ ಅಂತ ನೆನಪಿಲ್ಲ.

ಎಡ ಮೊಣಕಾಲ ಮೇಲೆ ನೋವು ಶುರುವಾದದ್ದು ಮಾರ್ಚ್‌ನಲ್ಲಿ. ನಮ್ಮ ಕಾಲೇಜಿನಲ್ಲಿ ಕಾಲೆಳೆದು ನಡೆಯುವ ಸರ್ ಒಬ್ಬರಿದ್ದರು. ಅವರು ನಡೆದು ಬರುವುದನ್ನು ನಾನು ಕ್ಯಾಂಟೀನಿನಲ್ಲಿ ಮಾಡಿ ತೋರಿಸುತ್ತಿದ್ದೆ. ಹಾಗಾಗಿ ನಾನು ಖರೇನೇ ಕುಂಟತೊಡಗಿದಾಗ ಗೆಳೆಯರು ಚಪ್ಪಾಳೆ ಹೊಡೆದರು. "ಈಗ ಬರಾಬರಿ ಬಂತ ನೋಡಲೇ" ಅಂದರು. ನನಗೂ ಒಂದಿಷ್ಟು ದಿನ ಹೆಮ್ಮೆಯೇ ಆಗಿತ್ತು. ಮೇ ಕೊನೆಗೆ ಬಾವು ಪ್ಯಾಂಟಿನಲ್ಲಿ ಹಿಡಿಸದಾದಾಗ ಎಕ್ಸ್‌ರೇ ತೆಗೆಸಿದೆವು. ಆಮೇಲೆ ಸ್ಕ್ಯಾನ್, ಆಮೇಲೆ ಎಲುಬಿನ ಚೂರು ತೆಗೆದು ಪರೀಕ್ಷೆ. ಎಲುಬಿನ ಕ್ಯಾನ್ಸರ್ ಅಂದರು. ಅಪ್ಪ ಟಿಕೆಟ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ. ಅವ್ವ ನನ್ನ ಮುಖ ನೋಡಿದಳು, ಇದೂ ನನ್ನ ಆಟವೇ ಏನೋ ಅನ್ನುವಂತೆ.

ಡಾಕ್ಟರ್ ಶೈಲಾ ಮೇಡಂ ಧಾರವಾಡದ ಕಡೆಯವರು. ಅದೇ ಆಸ್ಪತ್ರೆಯಲ್ಲಿ ಮುಂದಿನ ಪದವಿಗೂ ಓದುತ್ತಿದ್ದರು. ಮುಖ್ಯವಾದ ಔಷಧ ನಾಲ್ಕು ಸುತ್ತು ಅಂದರು: ಎರಡು ಆಪರೇಷನ್‌ಗೆ ಮೊದಲು, ಎರಡು ನಂತರ. ನಡುವೆ ಕೆಟ್ಟ ಎಲುಬು ತೆಗೆದು ಲೋಹದ್ದು ಕೂಡಿಸುವುದು. ಕಾಲು ಉಳಿಯಬೇಕಾದರೆ ಮೊದಲೆರಡು ಸುತ್ತಿಗೆ ಗಡ್ಡೆ ಬಗ್ಗಬೇಕು. ಔಷಧದಲ್ಲಿ ಪ್ಲಾಟಿನಂ ಇರುತ್ತದೆ ಅಂದಾಗ ಅವ್ವ, "ಅದನ್ನ ಕೊಳ್ಳಾಗ ಹಾಕ್ಕೋತಾರಲ್ರಿ?" ಅಂದಳು. ಮೇಡಂ ನಗಲಿಲ್ಲ. ಎಕ್ಸ್‌ರೇ ಲಕೋಟೆಯ ಹಿಂದೆ ಒಂದು ಗುಂಡನೆ ಗೆರೆ ಎಳೆದರು.

"ಮೈಯಾಗಿನ ಒಂದೊಂದ ಜೀವಕೋಶಕ್ಕೂ ಹಿಂಗ ಒಂದ ಗ್ವಾಡಿ ಐತಿ. ಗ್ವಾಡ್ಯಾಗ ಸಣ್ಣ ಸಣ್ಣ ಬಾಗಲಾ ಅದಾವ. ಅಯಾನ್ ಚಾನೆಲ್ ಅಂತೀವಿ. ಒಂದರಾಗ ಸೋಡಿಯಂ, ಒಂದರಾಗ ಪೊಟ್ಯಾಸಿಯಂ, ಒಂದರಾಗ ಕ್ಲೋರೈಡ್. ಉಪ್ಪಿನ ಓಡಾಟ ಎಲ್ಲಾ ಇಲ್ಲಿಂದನ. ಕ್ಯಾನ್ಸರ್ ಕೋಶಕ್ಕೂ ಇವ ಬಾಗಲಾ ಅದಾವ. ನಾವು ಕೊಡೋ ಔಷಧ ಒಂದಿಷ್ಟು ಈ ಹಾದಿ ಹಿಡಿದ ಒಳಗ ಹೋಗತೈತಿ."

ಬಾಜು ಹಾಸಿಗೆಯಲ್ಲಿದ್ದ ಪರಶುರಾಮ ಕಾಕಾ ಎದ್ದು ಕುಳಿತ. ಹಿಂಡಲಗಾ ಜೈಲಿನಲ್ಲಿ ಗೇಟು ಕಾದು ನಿವೃತ್ತನಾದವನು. ಗಂಟಲ ಕ್ಯಾನ್ಸರ್, ನನ್ನದೇ ಔಷಧ. ದನಿ ಗೊಗ್ಗರು. "ಅಂದ್ರ ಡಾಕ್ಟರ್ರ, ಭೇಟಿಗಿ ಬಂದವರ ಸಾಲಿನ್ಯಾಗ ಮಫ್ತಿ ಪೊಲೀಸ ನಿಂತು ಒಳಗ ಹೊಕ್ಕಂಗ?"

"ಹಂಗ ಅನ್ಕೋರಿ."

"ಗೇಟ ಹಾಕ್ಕೊಂಡ ಕುಂತ್ರ?"

"ಔಷಧ ಹೊರಗ ನಿಲ್ಲತೈತಿ. ಕೆಲವು ಗಡ್ಡಿ ಔಷಧಕ್ಕ ಬಗ್ಗಂಗಿಲ್ಲ, ಅದಕ್ಕ ಇದೂ ಒಂದ ಕಾರಣ. ಆ ಬಾಗಲಾ ಹೆಂಗ ತಗಸೂದು ಅಂತ ಭಾಳ ಮಂದಿ ತಲಿ ಕೆಡಿಸ್ಕೊಂಡಾರ. ನಾನೂ ಅವರಾಗ ಒಬ್ಬಾಕಿ." ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಬಾಗಲಾ ಎಲ್ಲಾ ಕಡೆ ಅದಾವ. ಕಿಡ್ನ್ಯಾಗ, ನರದಾಗ, ಕಿವ್ಯಾಗ. ಅಲ್ಲಿಗೂ ಔಷಧ ಹೋಗಿ ಕೆಡಸಬಹುದು. ಅದಕ್ಕ ಪ್ರತಿ ಸುತ್ತಿಗೂ ಮೊದಲ ಕಿವಿ ಪರೀಕ್ಷೆ ಮಾಡಸ್ಬೇಕು" ಅಂದರು.

ಅವರು ಹೊರಗೆ ಹೋದ ಮೇಲೆ ನಾನು ಅವರ ದನಿಯಲ್ಲೇ "ತಮ್ಮಾ, ಬಾಗಲಾ ಎಲ್ಲಾ ಕಡೆ ಅದಾವ" ಅಂದೆ. ವಾರ್ಡು ನಕ್ಕಿತು. ಕಾಕಾ ನಕ್ಕು ಕೆಮ್ಮಿದ.

ಕಿವಿ ಪರೀಕ್ಷೆ ಮಾಡುವವರು ಸುಪ್ರಿಯಾ ಮೇಡಂ. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. ಗೂಡಿನೊಳಗೆ ಪೇಷಂಟನ್ನು ಅಡ್ಡ ಕೂಡಿಸುವುದು ಪದ್ಧತಿ, ಹೊರಗೆ ಮಷೀನು ಮುಟ್ಟುವವರ ಕೈ ಕಾಣಬಾರದು. ಆದರೆ ನನ್ನ ಎಡಗಾಲಿಗೆ ತೊಡೆಯಿಂದ ಮೀನಖಂಡದವರೆಗೆ ಪಟ್ಟಿ ಬಿಗಿದಿದ್ದರು. ಅದು ಮಡಚುವಂತಿರಲಿಲ್ಲ. ಅಡ್ಡ ಕುಳಿತರೆ ಕಾಲು ಗೋಡೆಗೆ ತಾಗುತ್ತಿತ್ತು. ಕುರ್ಚಿಯನ್ನು ಗಾಜಿನ ಕಿಟಕಿಯ ಕಡೆಗೆ ತಿರುಗಿಸಿದರು. "ಕಣ್ಣ ಮುಚ್ಚಿ ಕುಂದ್ರು. ಸದ್ದ ಕೇಳಿದ ಕೂಡ್ಲೆ ಬಟನ್ ಒತ್ತು. ಸಣ್ಣಗ ಕೇಳಿದ್ರೂ ಒತ್ತು." ಮೊದಲ ಸಲ ಕಣ್ಣು ಮುಚ್ಚಿಯೇ ಕುಳಿತಿದ್ದೆ. ಎಲ್ಲಾ ಕೇಳಿತು. ಹೊರಗೆ ಬಂದಾಗ, "ನಾಯಿ ಕಿವಿ ಐತಿ ನಿನಗ" ಅಂದರು. ಅದನ್ನು ಮೂರು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಗಾಲಿ ಕುರ್ಚಿಯಲ್ಲಿ.

ಮೊದಲ ಸುತ್ತಿನ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ಹಗಲೂ ರಾತ್ರಿ ಉಪ್ಪುನೀರಿನ ಬಾಟಲಿ. ಅದರಲ್ಲೇ ಪೊಟ್ಯಾಸಿಯಂ, ಮೆಗ್ನೀಸಿಯಂ. ನಡುವೆ ಒಂದು ಬಾಟಲಿ ಆ ಔಷಧ. ವಾಂತಿ ಮಾಡುವುದರಲ್ಲೂ ಒಬ್ಬೊಬ್ಬರದು ಒಂದೊಂದು ದನಿ ಇರುತ್ತದೆ ಅಂತ ಕಲಿತೆ. ಕೂದಲು ದಿಂಬಿನ ಮೇಲೆ ಉಳಿಯಿತು. ಕಾಲ್ಬೆರಳಿಗೆ ಜೋಮು ಹಿಡಿಯಿತು, ಬಿಡಲಿಲ್ಲ. ಆಮೇಲೆ ಆ ಜೋಮು ಎಲ್ಲಿಯವರೆಗೆ ಏರಿತು ಅಂತ ಹೇಳಲಾರೆ. ಅವ್ವ ಅತ್ತರೆ, ಅಳುತ್ತಿದ್ದಾಳೆ ಅಂತ ತಿಳಿಯುತ್ತಿತ್ತು, ಅಷ್ಟೇ. ಗೋಡೆಗೆ ಗೆದ್ದಲು ಹತ್ತಿದೆ ಅಂತ ತಿಳಿಯುವಂತೆ.

ನಾವು ಬೆಳಗಾವಿಯ ಅನಗೋಳದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದೆವು. ಒಂದು ಮುಂಜಾನೆ ಅಲ್ಲಿ ಎದ್ದಾಗ ಕಿವಿಯಲ್ಲಿ ಕೀಂ ಅನ್ನುವ ಸದ್ದು. ಯಾರೋ ಎಲ್ಲೋ ಟಿ.ವಿ. ಬಂದ್ ಮಾಡದೆ ಹೋದಂತೆ. ಎರಡನೇ ಸುತ್ತಿಗೆ ಭರ್ತಿಯಾದಾಗ ಕಾಕಾನಿಗೊಬ್ಬನಿಗೇ ಹೇಳಿದೆ.

ಕಾಕಾ ಜೈಲಿನ ಮನುಷ್ಯ, ತಕ್ಷಣ ದನಿ ತಗ್ಗಿಸಿದ. "ಬಾಯಿ ಬಿಡಬ್ಯಾಡ. ಕಿವಿ ಹೋತಂದ್ರ ಔಷಧ ಬಂದ್ ಮಾಡ್ತಾರ. ಔಷಧ ಬಂದ್ ಆತಂದ್ರ ಗಡ್ಡಿ ಬಗ್ಗಂಗಿಲ್ಲ. ಬಗ್ಗಲಿಲ್ಲಂದ್ರ ಕಾಲ ತಗೀತಾರ."

"ಯಾರ ಹೇಳಿದ್ರು ಕಾಕಾ?"

"ಯಾರ್ಯಾಕ ಹೇಳಬೇಕು? ಮೂವತ್ತ ವರ್ಷ ಆ ಗೇಟಿನ್ಯಾಗ ನಿಂತೀನಿ. ಕೇಳಿದ್ದಕ್ಕಿಂತ ಹೆಚ್ಚ ಹೇಳಿದಾಂವ ಸುಖಪಟ್ಟಿದ್ದ ನೋಡಿಲ್ಲ."

ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಸರದಿಗೆ ಕಾಯುವಾಗ ಸುಪ್ರಿಯಾ ಮೇಡಂ ಬೇರೆಯವರ ಕಿವಿ ಪರೀಕ್ಷಿಸುವುದನ್ನು ಬದಿಗೆ ಕುಳಿತು ನೋಡಿದ್ದೆ. ಅದನ್ನು ವಾರ್ಡಿನಲ್ಲಿ ಮಾಡಿ ತೋರಿಸುತ್ತ ನನಗೆ ಅವರ ಮೈಯೆಲ್ಲ ಬಾಯಿಪಾಠವಾಗಿತ್ತು. ಸದ್ದು ಬಿಡುವ ಮೊದಲು ಅವರ ಬಲಭುಜ ಒಂದು ಎಳೆಯಷ್ಟು ಇಳಿಯುತ್ತದೆ. ಕೆಳತುಟಿ ಒಳಗೆ ಹೋಗುತ್ತದೆ. ಸದ್ದು ಬಿಡದೆ ಸುಮ್ಮನೆ ಕಾಯುವಾಗ ಭುಜ ಇಳಿಯುವುದಿಲ್ಲ. ಎರಡನೇ ಸಲದ ಪರೀಕ್ಷೆಗೂ ಕುರ್ಚಿ ಗಾಜಿನ ಕಡೆಗೇ ಇತ್ತು. ನಾನು ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆ ಸಂದಿನಿಂದ ನೋಡುತ್ತ ಕುಳಿತೆ. ಭುಜ ಇಳಿದರೆ ಒತ್ತಿದೆ. ತೀರ ಜಾಣ ಅನಿಸಬಾರದೆಂದು ನಡುವೆ ಒಂದೆರಡು ಬಿಟ್ಟೆ. ನನ್ನ ಜೀವಮಾನದ ಉತ್ತಮ ಮಿಮಿಕ್ರಿ ಅದು. ಒಂದು ದನಿಯೂ ಇಲ್ಲದೆ, ನನಗೇ ಮೊದಲು ಇದ್ದ ಕಿವಿಯ ಮಿಮಿಕ್ರಿ ಮಾಡಿದೆ.

"ಛಲೋ ಐತಿ" ಅಂದರು. ಎರಡನೇ ಸುತ್ತು ಏರಿಸಿದರು.

ಆಗಸ್ಟಿನಲ್ಲಿ ಆಪರೇಷನ್. ಕಾಲು ಉಳಿಯಿತು. ಎಲುಬು ಹೋಗಿ ಅಲ್ಲಿ ಲೋಹ ಬಂತು. ತೆಗೆದ ಎಲುಬನ್ನು ಪರೀಕ್ಷೆಗೆ ಕಳಿಸಿದರು. ಹೊಲಿಗೆ ಬಿಚ್ಚುವವರೆಗೆ ಅನಗೋಳದ ಖೋಲಿಯಲ್ಲಿ ಕಾಲು ಚಾಚಿಕೊಂಡು ಬಿದ್ದಿದ್ದೆ. ಗಣಪತಿ ಹಬ್ಬ ಬಂತು. ನಮ್ಮ ಓಣಿಯಲ್ಲಿ ಢೋಲು, ಝಾಂಜಿನ ಹುಡುಗರು ಬಂದು ನಿಂತರು. ಅವ್ವ ನನ್ನನ್ನು ಕಿಟಕಿಗೆ ಒರಗಿಸಿ ಕೂಡಿಸಿದಳು. ಢೋಲು ಎದೆಗೆ ಬಡಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಹತ್ತು ಮಂದಿ ಹಿತ್ತಾಳೆಯ ಝಾಂಜುಗಳನ್ನು ತಲೆಯ ಮೇಲೆತ್ತಿ ಒಂದಕ್ಕೊಂದು ಹೊಡೆಯುತ್ತಿದ್ದರು. ಹಿತ್ತಾಳೆ ಮಿಂಚುತ್ತಿತ್ತು, ತೋಳು ನಡುಗುತ್ತಿತ್ತು. ಅರಿವೆಗೆ ಅರಿವೆ ಬಡಿದಷ್ಟು ಸದ್ದೂ ಬರಲಿಲ್ಲ. ನಾನು ಬಹಳ ಹೊತ್ತು ನೋಡಿದೆ. ಗಾಬರಿಯಾಗಬೇಕು ಅಂತ ಅನಿಸಿತು. ಆಗಲಿಲ್ಲ.

"ಛಂದ ಬಾರಸ್ತಾರಲ್ಲ?" ಅಂದಳು ಅವ್ವ.

"ಭಾಳ ಛಂದ" ಅಂದೆ.

ಮೂರನೇ ಸುತ್ತಿಗೆ ಮತ್ತೆ ಅದೇ ವಾರ್ಡು, ಮತ್ತೆ ಕಾಕಾ. ಹೊಸದಾಗಿ ಜ್ಯೋತಿ ಸಿಸ್ಟರ್ ಬಂದಿದ್ದರು. ತೆಳ್ಳನೆ ದನಿ, ಎಲ್ಲರ ಮೇಲೂ ಒದರುವವರು. ಮಧ್ಯಾಹ್ನ ಮಂದಿ ಬೇಡಿಕೆ ಇಟ್ಟರು. ನಾನು ಮೊದಲು ಶೈಲಾ ಮೇಡಂ ಮಾಡಿದೆ: ನಗು. ಕಾಕಾನನ್ನೇ ಮಾಡಿದೆ: ದೊಡ್ಡ ನಗು. ಆಮೇಲೆ ಜ್ಯೋತಿ ಸಿಸ್ಟರ್ ಮಾಡಿದೆ. ಯಾರೂ ನಗಲಿಲ್ಲ.

"ಇದು ಯಾರಲೇ?" ಅಂದ ಕಾಕಾ.

"ಜ್ಯೋತಿ ಸಿಸ್ಟರ್."

"ಹುಚ್ಚಪ್ಪಾ, ಆಕಿ ದನಿ ಸೂಜಿ ಇದ್ದಂಗ ಐತಿ. ನೀ ಎಮ್ಮಿ ಕೂಗಿಸಿದಿ."

ಕಾಕಾನಿಗೆ ಕಲೆ ತಿಳಿಯುವುದಿಲ್ಲ ಅಂದುಕೊಂಡೆ. ಮತ್ತೊಮ್ಮೆ ಮಾಡಿದೆ. ಒಬ್ಬರು ಮಗ್ಗಲಾದರು. ಮಂದಿ ಕೈ ಬಿಡುತ್ತಿದ್ದಾರೆ ಅನಿಸಿದಾಗ ಕಲಾವಿದ ತನ್ನ ಹಿಟ್ ಐಟಂ ತೆಗೆಯುತ್ತಾನೆ. ನಾನು ಸುಪ್ರಿಯಾ ಮೇಡಂ ತೆಗೆದೆ. "ಕಣ್ಣ ಮುಚ್ಚಿ ಕುಂದ್ರು. ಸಣ್ಣಗ ಕೇಳಿದ್ರೂ ಒತ್ತು." ಮಾತಿನ ಜೊತೆ ಬಲಭುಜವನ್ನು ಎಳೆಯಷ್ಟು ಇಳಿಸಿ, ಕೆಳತುಟಿ ಒಳಗೆಳೆದು, ಇಲ್ಲದ ಮಷೀನು ಮುಟ್ಟಿದೆ. ವಾರ್ಡು ಹೋ ಅಂದಿತು. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು.

ಸುಪ್ರಿಯಾ ಮೇಡಂ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಪರೀಕ್ಷೆಗೆ ಕರೆಯಲು ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರೂ ನಗುತ್ತಿದ್ದರು. ನೋಡನೋಡುತ್ತ ಆ ನಗು ನಿಂತಿತು. ತಮ್ಮ ಬಲಭುಜವನ್ನು ತಾವೇ ಒಮ್ಮೆ ನೋಡಿಕೊಂಡರು.

"ಹಳೇ ಮಂದಿ ಎಲ್ಲಾರ್ನೂ ಬರಾಬರಿ ಮಾಡ್ತಿ" ಅಂದರು. "ಹೊಸಾಕಿ ಯಾಕ ಬರವಲ್ಲಳು?"

ನಾನು ಇಳಿಸಿದ ಭುಜವನ್ನು ನೆಟ್ಟಗೆ ಮಾಡಿಕೊಂಡೆ.

ಗೂಡಿನ ಬಳಿ ಹೋದಾಗ ಅವರು ಆಯಾ ಕೈಲಿ ಒಂದು ಚಾದರ ತರಿಸಿದರು. ಗಾಜಿನ ಮೇಲೆ ಹರವಿ ನಾಲ್ಕೂ ಮೂಲೆಗೆ ಟೇಪು ಹಚ್ಚಿದರು. ಆಸ್ಪತ್ರೆಯ ಹಸಿರು ಚಾದರ. ನನಗೆ ಬಯ್ಯಲಿಲ್ಲ. ಬಾಗಿಲು ಹಾಕಿಕೊಂಡರು.

ಕಿವಿಗೆ ಹೆಡ್‌ಫೋನು, ಕೈಯಲ್ಲಿ ಬಟನ್, ಎದುರಿಗೆ ಹಸಿರು ಬಟ್ಟೆ. ಮೊದಲು ಕೆಳದನಿಯ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಕಾದೆ. ಕೀಂ ಅನ್ನುವುದು ನನ್ನದೇ. ಬಟ್ಟೆಯ ಆಚೆ ಅವರು ಸದ್ದು ಬಿಡುತ್ತಿರಬಹುದು, ಬಿಡದೇ ಇರಬಹುದು. ಅಂದಾಜಿನಲ್ಲಿ ಒಂದೆರಡು ಸಲ ಒತ್ತಿದೆ. ಆಮೇಲೆ ಅದನ್ನೂ ಬಿಟ್ಟೆ. ಒದ್ದೆ ಕಾರ್ಪೆಟ್ಟಿನ ವಾಸನೆಯಲ್ಲಿ ಬಟನ್ನಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕುಳಿತೆ. ಬಾಗಿಲು ತೆರೆದಾಗ ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ. ಮುಗಿದಿತ್ತು.

ಶೈಲಾ ಮೇಡಂ ಆ ಕಾಗದವನ್ನು ಹಿಂದಿನ ಎರಡೂ ಸಲದ್ದರ ಜೊತೆ ಇಟ್ಟು ನೋಡಿದರು. ಅವ್ವ, ಅಪ್ಪ ಇಬ್ಬರೂ ಇದ್ದರು. ನಾನು ಭುಜದ ಕತೆ ಹೇಳಿದೆ. ಯಾರ ದನಿಯೂ ಇಲ್ಲದೆ, ನನ್ನದರಲ್ಲೇ.

"ಕಿವಿ ಕೆಟ್ಟೈತಿ ಅಂದ್ರ ಔಷಧ ಬಂದ್ ಮಾಡ್ತಿದ್ರೇನ್ರಿ?" ಅಂತ ಕೇಳಿದೆ.

"ಯೋಚನೆ ಮಾಡ್ತಿದ್ವಿ. ಈಗೂ ಅದನ್ನ ಮಾಡಬೇಕು. ಆದ್ರ ಈಗ ಕಡಿಮಿ ಕಿವಿ ಇಟ್ಕೊಂಡ ಯೋಚನೆ ಮಾಡಬೇಕು."

ಅವರು ಮತ್ತೆ ಲಕೋಟೆ ತಿರುಗಿಸಿದರು. ಕಿವಿಯ ಒಳಗೆ ಕೂದಲಿನಂಥ ಎಳೆ ಹೊತ್ತ ಕೋಶಗಳಿರುತ್ತವೆ. ಸದ್ದು ಬಂದರೆ ಎಳೆ ಬಾಗುತ್ತದೆ. ಬಾಗಿದರೆ ತುದಿಯ ಬಾಗಿಲು ತೆರೆಯುತ್ತದೆ. ಪೊಟ್ಯಾಸಿಯಂ ಒಳಗೆ ಹೋಗುತ್ತದೆ. ಅದೇ ಕೇಳುವುದು ಅಂದರೆ. "ಅದ ಬಾಗಲದಿಂದನ ಔಷಧನೂ ಹೊಕ್ಕಿರಬೇಕು ಅಂತ ತಿಳದವರು ಅಂತಾರ. ಬ್ಯಾರೆ ಹಾದಿನೂ ಇರಬಹುದು, ಪೂರಾ ಖಾತ್ರಿ ಇಲ್ಲ. ಭಾಳ ತೆಳ್ಳನ ಏರುದನಿ ಹಿಡಿಯೂ ಕೋಶ ಮೊದಲ ಸಾಯ್ತಾವ. ತಲಿ ಕೂದಲ ತಿರುಗಿ ಬರತಾವ ತಮ್ಮಾ. ಅವು ಬರಂಗಿಲ್ಲ."

"ಮತ್ತ ಗಡ್ಡೀದು?" ಅಪ್ಪ ಕೇಳಿದ.

"ಅದು ಖುಷಿ ಸುದ್ದಿ. ತಗದ ಎಲುಬಿನ್ಯಾಗ ಕ್ಯಾನ್ಸರ್ ಕೋಶ ಬಹುತೇಕ ಸತ್ತಾವ. ಔಷಧ ಹೊಕ್ಕೈತಿ, ಕೆಲಸಾ ಮಾಡೈತಿ."

ಅಂದರೆ ನನ್ನ ಗಡ್ಡೆಯೂ ಬಾಗಿಲು ತೆರೆದು ಕುಳಿತಿತ್ತು, ನನ್ನ ಕಿವಿಯೂ. ಮನೆತನದ ಗುಣ, ಬಂದವರನ್ನೆಲ್ಲ ಹತ್ತಿಸಿಕೊಳ್ಳುವುದು.

ಮೇಡಂ ಎರಡು ಹಾದಿ ಇಟ್ಟರು. ಇದೇ ಔಷಧ ಇನ್ನೆರಡು ಸುತ್ತು ಕೊಟ್ಟರೆ ಹೊರಗೆಲ್ಲೋ ಉಳಿದಿರಬಹುದಾದ ಕೋಶಗಳಿಗೆ ಒಳ್ಳೆಯ ಹೊಡೆತ. ಆದರೆ ಕಿವಿ ಕೆಡುವುದು ಏರುದನಿಯಿಂದ ಇಳಿದು ಮಾತಿನ ದನಿಯವರೆಗೂ ಬರುತ್ತದೆ, ಕಿವಿಗೆ ಮಷೀನು ಹಾಕಿಕೊಳ್ಳಬೇಕು. ಬೇರೆ ಔಷಧಕ್ಕೆ ಬದಲಿಸಿದರೆ ಇರುವ ಕಿವಿ ಬಹುಶಃ ಉಳಿಯುತ್ತದೆ. ಅದೂ ಕೆಟ್ಟ ಔಷಧವಲ್ಲ. ಆದರೆ ಗಡ್ಡೆ ಇದಕ್ಕೆ ಬಗ್ಗಿದೆ ಅನ್ನುವುದು ಗೊತ್ತಿದೆ, ಅದಕ್ಕೆ ಬಗ್ಗುತ್ತದೋ ಗೊತ್ತಿಲ್ಲ. "ನಾಕ ದಿನ ಮನಿಗಿ ಹೋಗು. ಯೋಚನೆ ಮಾಡು. ಈ ಸಲ ಖರೇ ಹೇಳು."

ಖಾನಾಪುರಕ್ಕೆ ಅಪ್ಪನ ಬಸ್ಸಿನಲ್ಲೇ ಹೋದೆ, ಮುಂದಿನ ಸೀಟಿನಲ್ಲಿ ಕಾಲು ಚಾಚಿ, ಬಾಯಿಗೆ ಮಾಸ್ಕು ಹಾಕಿ. ದನಿ ಕೂಡಿಸಿಟ್ಟುಕೊಳ್ಳಬೇಕು ಅಂತ ತೀರ್ಮಾನಿಸಿದ್ದೆ, ಮಳೆಗಾಲಕ್ಕೆ ಸೌದೆ ಕೂಡಿಸಿದಂತೆ. ದೇಸೂರಿನಲ್ಲಿ ರೈಲು ಗೇಟು ಹಾಕಿತ್ತು, ಎಂಜಿನ್ನಿನ ಗುಡುಗು ಕೇಳಿತು. ಹಂಚಿನ ಭಟ್ಟಿಯ ಲಾರಿಗಳು, ಮಲಪ್ರಭೆಯ ಸೇತುವೆಯ ಕೆಳಗಿನ ನೀರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಮರಾಠಿ. ಎಲ್ಲದಕ್ಕೂ ಕಿವಿ ಕೊಟ್ಟೆ. ಅರ್ಧ ಆಗಲೇ ಇರಲಿಲ್ಲ. ಎದೆ ಒಡೆಯುತ್ತದೆ ಅಂತ ಕಾದೆ. ಅದಕ್ಕೂ ಜೋಮು.

ಅವ್ವನ ದನಿ ಮಾತ್ರ ನಾನು ಯಾವತ್ತೂ ಮಾಡಿದವನಲ್ಲ. ಹೊರಗಿನವರ ದನಿ ಕದಿಯಬೇಕಾಗುತ್ತದೆ, ಮನೆಯದು ಇದ್ದೇ ಇರುತ್ತದೆ ಅನ್ನುವ ಸೊಕ್ಕು. ಈಗ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಆಕೆಯ ಬಾಯಿ ನೋಡುತ್ತಿದ್ದೆ. ಆಕೆಗೆ ತಿಳಿಯಿತು. ತಿಳಿದದ್ದೇ ಮಾತು ನಿಂತುಹೋಯಿತು.

"ಮಾತಾಡಬೇ" ಅಂದೆ.

"ಏನ್ ಮಾತಾಡ್ಲಿ?"

"ಏನರ."

ಆಕೆ ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕಿದಳು. ಬೆನ್ನು ನನ್ನ ಕಡೆ ಇತ್ತು. ಆಮೇಲೆ ಒಲೆ ಸಣ್ಣ ಮಾಡಿ ನನ್ನೆದುರು ಬಂದು ಕುಳಿತಳು, ತುಟಿ ಕಾಣುವಂತೆ.

"ನೋಡ ಮಾರಾಯಾ. ನನ್ನ ದನಿ ನಿನಗ ಕೇಳದಿದ್ರೂ ನಡೀತೈತಿ. ನನಗ ನಿನ್ನ ದನಿ ಕೇಳಬೇಕು. ಎಷ್ಟ ವರ್ಷ ಕೇಳಬೇಕು ಅಂದ್ರ, ಸಾಕಪ್ಪಾ ಬಾಯಿ ಮುಚ್ಚು ಅನ್ನುವಷ್ಟು. ಆ ಡಾಕ್ಟರಮ್ಮಗ ಅದ ಔಷಧ ಹಾಕ್ರಿ ಅಂತ ಹೇಳು."

ಆಮೇಲೆ ಎದ್ದು, "ಯಾಡ್ಡ ರೊಟ್ಟಿ ತಿನ್ನಾಕ ಎಷ್ಟ ಹೊತ್ತಲೇ, ಆರಿ ಹಪ್ಪಳಾದ್ವು" ಎಂದು ಎಂದಿನಂತೆ ಒದರಿದಳು. ಆ ದನಿಯನ್ನು ಹಾಗೇ ಹಿಡಿದಿಟ್ಟುಕೊಂಡೆ.

ಮೂರನೆಯದು, ನಾಲ್ಕನೆಯದು ಎರಡೂ ಆದವು. ಇದೆಲ್ಲ ಆಗಿ ನಾಲ್ಕು ವರ್ಷ. ಗಡ್ಡೆ ತಿರುಗಿ ಬಂದಿಲ್ಲ. ಎರಡೂ ಕಿವಿಗೆ ಮಷೀನು ಇದೆ. ಕಾಕಾ ಈಗಲೂ ಫೋನ್ ಮಾಡುತ್ತಾನೆ. ಅವನ ಗೊಗ್ಗರು ದನಿ ಒಂದೇ ನನಗೆ ಪೂರಾ ಕೇಳುವುದು, ಹಾಗಾಗಿ ಅವನಿಗೆ ತಾನು ದೊಡ್ಡ ವಾಗ್ಮಿ ಅನ್ನುವ ಭ್ರಮೆ. ನಾನು ಹೊಸಬರನ್ನು ಮಾಡುವುದಿಲ್ಲ. ಔಷಧ ಶುರುವಾಗುವ ಮೊದಲು ಕೇಳಿದವರದು ಪಕ್ಕಾ ಬರುತ್ತದೆ, ಆಮೇಲೆ ಸಿಕ್ಕವರೆಲ್ಲ ನನ್ನ ಬಾಯಲ್ಲಿ ಎಮ್ಮೆ.

ಹೋದ ವಾರ ತಪಾಸಣೆ ಮುಗಿಸಿ ಊರಿಗೆ ಬಂದಾಗ ಮೂವರೂ ಊಟಕ್ಕೆ ಕುಳಿತಿದ್ದೆವು. ರಿಪೋರ್ಟು ಛಲೋ ಇದೆ ಅನ್ನುವ ಸಲುಗೆಯಲ್ಲಿ ನಾನು ಮೊದಲ ಸಲ ಅವ್ವನನ್ನು ಮಾಡಿದೆ. "ಯಾಡ್ಡ ರೊಟ್ಟಿ ತಿನ್ನಾಕ ಎಷ್ಟ ಹೊತ್ತಲೇ, ಆರಿ ಹಪ್ಪಳಾದ್ವು."

ಅಪ್ಪ ತುತ್ತು ಬಿಟ್ಟು ನನ್ನನ್ನು ನೋಡಿದ. ಆಮೇಲೆ ಅವ್ವನನ್ನು ನೋಡಿದ.

"ಆವಾಗಿನದ ಅದು" ಅಂದ. "ಈಗ ಎಲ್ಲಿ ಐತಿ ಆ ದನಿ? ಈಕಿದು ಒಡದ ಎರಡ ವರ್ಷ ಆತು."

ನಾನು ಅವ್ವನ ಕಡೆ ತಿರುಗಿದೆ. ನನಗೆ ಆಕೆ ಮಷೀನಿನೊಳಗಿಂದ, ಡಬ್ಬಿಯಲ್ಲಿ ಕುಳಿತು ಮಾತಾಡಿದಂತೆ ಕೇಳುತ್ತಾಳೆ. ಎರಡು ವರ್ಷದ ಹಿಂದೆಯೂ ಹಾಗೇ, ಅವತ್ತೂ ಹಾಗೇ.

"ಹೌದೇನಬೇ?"

"ಹೌದಂತ. ಮಂದಿ ಅಂತಾರ." ಆಕೆ ನನ್ನ ತಾಟಿಗೆ ಪಲ್ಯ ಬಡಿಸಿದಳು. ಕೈ ಅಲ್ಲೇ ನಿಂತಿತು.

"ಇನ್ನೊಮ್ಮಿ ಮಾಡು" ಅಂದಳು.

ಮಾಡಿದೆ.